ತುಟಿಗೆ ಒತ್ತಿ ನೋಡಿದ ಹತ್ತಿ

ತೆರೆದೇ ಇದ್ದವು ಎಂದುಬಿಟ್ಟೆ, ಆದರೆ ಹಾಗೆ ಹೇಳಲು ನನ್ನ ಬಳಿ ಯಾವ ಆಧಾರವೂ ಇರಲಿಲ್ಲ. ಕಿನ್ನಾಳದ ಚಿತ್ರಗಾರ ಕುಂಚವನ್ನು ಗಾಳಿಯಲ್ಲಿ ಹಿಡಿದು ಕಾಯುತ್ತಿದ್ದ. ಅವನೆದುರಿಗೆ ಮೊಣಕಾಲೆತ್ತರದ ಮರದ ಪೈಲ್ವಾನ ಕಣ್ಣು ಬರೆಯದ ಬಿಳಿ ಮುಖ ಹೊತ್ತು ನಿಂತಿದ್ದ. “ಕಣ್ಣ ತಗದಿದ್ವೇನ್ರಿ, ಮುಚ್ಚಿದ್ವೇನ್ರಿ?” ಎಂದು ಅವನು ಎರಡನೆಯ ಸಲ ಕೇಳಿದಾಗ, ಗೊತ್ತಿಲ್ಲ ಎನ್ನಲು ನಾಚಿಕೆಯಾಗಿ ಹಾಗೆ ಹೇಳಿದೆ. ಅವನು ಕುಂಚ ಅದ್ದಿದ. ನಾನು ಹೊರಗೆ ಬಂದು ಜಗುಲಿಯ ಮೇಲೆ ಕುಳಿತೆ. ಅಲ್ಲಿ ಗೊಂಬೆಯ ಮೈಗೆ ಅಂಟಿಸಲು ಹುಣಸೆಬೀಜದ ಅಂಟಿನ ಸರಿಯಲ್ಲಿ ಹತ್ತಿ ನೆನೆಹಾಕಿದ್ದರು. ನೆನೆದ ಹತ್ತಿಗೆ ಒಂದು ವಾಸನೆಯಿರುತ್ತದೆ, ಮಳೆಯಲ್ಲಿ ತೊಯ್ದ ನಾಯಿಯ ಮೈಯಂಥದ್ದು. ಅದು ಮೂಗಿಗೆ ಬಡಿದದ್ದೇ ಹಳೆಯ ಸಿಟ್ಟು ಎದ್ದಿತು.

ಆ ಗೊಂಬೆಯನ್ನು ಮಾಡಿಸುತ್ತಿದ್ದವರು ಕೊಪ್ಪಳದ ಹೊಸ ಗರಡಿಮನೆಯ ತರುಣರು. ಕಣ್ಣಿಲ್ಲದೆ ಕುಸ್ತಿ ಗೆದ್ದು, ಕಣ್ಣಿಲ್ಲದೆ ಹತ್ತಿ ಗಿರಣಿಯಲ್ಲಿ ದೊಡ್ಡ ಹೆಸರು ಮಾಡಿದ ಮನುಷ್ಯನ ಪ್ರತಿಮೆ ತಮ್ಮ ಗರಡಿಯಲ್ಲಿರಬೇಕೆಂದು ಅವರ ಆಸೆ. ಅವನೊಡನೆ ಕುಸ್ತಿ ಹಿಡಿದವರಲ್ಲಿ ಬದುಕಿರುವವನು ನಾನೊಬ್ಬನೇ ಎಂದು ನನ್ನನ್ನು ಕಿನ್ನಾಳಕ್ಕೆ ಕಳಿಸಿದರು, ಜೊತೆಗೆ ನಾಲ್ಕು ಒಳ್ಳೆಯ ಮಾತು ಬರೆದುಕೊಡಿ ಎಂದರು. “ದೇವರಂಥಾ ಮನಿಷಾ ಇದ್ದನಂತಲ್ರಿ?” ಎಂದು ಅವರಲ್ಲೊಬ್ಬ ಕೇಳಿದ. ಅವನು ದೇವರಂಥವನಾಗಿರಲಿಲ್ಲ. ಅವನು ನನ್ನ ಅಪ್ಪನನ್ನು ಗಿರಣಿಯ ಅಂಗಳದಲ್ಲಿ, ಐದು ಹಳ್ಳಿಯ ಬಂಡಿಗಳ ಮುಂದೆ, ಕಳ್ಳನನ್ನಾಗಿ ಮಾಡಿದವನು. ಅದು ನ್ಯಾಯವೋ ಸೇಡೋ ಎಂಬ ಒಂದೇ ಪ್ರಶ್ನೆಯನ್ನು ನಾನು ಇಷ್ಟು ವರ್ಷ ಜಗಿಯುತ್ತ ಬಂದಿದ್ದೇನೆ. ಒಳ್ಳೆಯ ಮಾತು ಬರೆಯಲು ಕುಳಿತರೆ ಇದು ಬರುತ್ತಿದೆ.

ನಿಜಾಮರ ಕಾಲ. ಮೂವತ್ತೆಂಟೋ ಮೂವತ್ತೊಂಬತ್ತೋ ಇಸವಿ, ನಾನು ಹಟ ಹಿಡಿದು ಹೇಳಲಾರೆ. ಕುಕನೂರಿನಿಂದ ಒಂದು ಹರದಾರಿ ದೂರದ ಹಳ್ಳಿಯಲ್ಲಿ ನಮ್ಮ ಎರೆ ಹೊಲ. ಅಪ್ಪ ಹತ್ತಿ ಬೆಳೆಯುತ್ತಿದ್ದ, ಮಾಗಿ ಮುಗಿದ ಮೇಲೆ ಬಂಡಿ ಹೇರಿಕೊಂಡು ಕೊಪ್ಪಳದ ಗಿರಣಿಗೆ ಒಯ್ಯುತ್ತಿದ್ದ. ಹತ್ತಿಗಿಂತ ಅಪ್ಪನಿಗೆ ಕುಸ್ತಿಯೇ ಹೆಚ್ಚು. ವಯಸ್ಸಿನಲ್ಲಿ ಪೈಲ್ವಾನನಾಗಿದ್ದವನು, ಆಮೇಲೆ ಸುತ್ತಲಿನ ಕುಸ್ತಿಗಳಿಗೆ ಪಂಚನಾಗಿ ಕೂರುತ್ತಿದ್ದ. ಯಾರು ಬಿದ್ದರು, ಯಾರು ಬೀಳಲಿಲ್ಲ ಎಂದು ಹೇಳುವ ಹಕ್ಕು ಅವನದು. ನಾನು ಅವನ ಕೈಕೆಳಗೆ ಪಳಗಿದವನು, ಆಗ ಇಪ್ಪತ್ತೆರಡು ವರ್ಷ.

ಆ ಇನ್ನೊಬ್ಬನನ್ನು ಎದುರಿಗೆ ಎಲ್ಲರೂ ಉಸ್ತಾದ ಎನ್ನುತ್ತಿದ್ದರು. ಹಿಂದೆ ಕುಡ್ಡ ಎನ್ನುತ್ತಿದ್ದರು. ನಾನೂ ಅನ್ನುತ್ತಿದ್ದೆ. ಹುಟ್ಟು ಕುರುಡನಲ್ಲ ಅವನು. ಮೊದಲು ಇರುಳುಗಣ್ಣು ಬಂತಂತೆ, ಆಮೇಲೆ ಎಡಬಲದ್ದು ಕಾಣುವುದು ನಿಂತಿತಂತೆ, ಕಡೆಗೆ ಕೊಳವೆಯಲ್ಲಿ ನೋಡಿದಂತೆ ನಡುವಿನದಷ್ಟೇ ಉಳಿದು, ಮೂವತ್ತರ ಹೊತ್ತಿಗೆ ಅದೂ ಹೋಯಿತಂತೆ. ಸುಣ್ಣ ಸಿಡಿದು ಹೋಯಿತು ಎನ್ನುವವರೂ ಇದ್ದರು, ಯಾರದೋ ಶಾಪ ಎನ್ನುವವರೂ ಇದ್ದರು. ಈ ಯಾವುದನ್ನೂ ನಾನು ಅವನ ಬಾಯಿಂದ ಕೇಳಿಲ್ಲ.

ಅವನ ಕಣ್ಣು ಹೋಗುತ್ತಿದ್ದ ವರ್ಷಗಳಲ್ಲಿ ಅವನನ್ನು ಕಣದಿಂದ ಹೊರಗಿಟ್ಟವನು ನನ್ನ ಅಪ್ಪ. ಇದು ಮಾತ್ರ ಖಚಿತ, ಏಕೆಂದರೆ ಅಪ್ಪನೇ ಜಂಬದಿಂದ ಹೇಳಿಕೊಳ್ಳುತ್ತಿದ್ದ. ಬೇರೆ ಪಂಚರು ಒಂದು ದಾರಿ ಹುಡುಕಿದ್ದರು. ಕುಸ್ತಿ ಶುರುವಾಗುವಾಗ ಹೇಗೂ ಇಬ್ಬರೂ ಕೈಗೆ ಕೈ ಮುಟ್ಟಿಸಿ ಸಲಾಮಿ ಮಾಡುತ್ತಾರೆ. ಉಸ್ತಾದನ ಕುಸ್ತಿಯಲ್ಲಿ, ಪಟ್ಟು ಬಿಟ್ಟು ದೂರವಾದಾಗಲೆಲ್ಲ ಎದುರಾಳಿ ಮತ್ತೆ ಬಂದು ಅಂಗೈಗೆ ಅಂಗೈ ಮುಟ್ಟಿಸಬೇಕು, ಅವನು ಹೆಜ್ಜೆಯ ಸದ್ದು ಕೇಳುವಂತೆ ಅಷ್ಟು ಹೊತ್ತು ಹಲಗೆಯವರು ಬಾರಿಸುವುದನ್ನು ನಿಲ್ಲಿಸಬೇಕು. ಅಪ್ಪ ಒಪ್ಪಲಿಲ್ಲ. “ಆಟಕ್ಕ ಒಂದ ಕಾಯ್ದೆ. ಕಣ್ಣಿದ್ದಾವಗೊಂದು, ಕುಡ್ಡಗೊಂದು ಇಲ್ಲ,” ಎಂದ. ಎರಡು ವರ್ಷ ಉಸ್ತಾದ ಕಣಕ್ಕಿಳಿಯಲಿಲ್ಲ. ಆಮೇಲೆ ಕುಷ್ಟಗಿಯ ಪಂಚರು ಆ ಕಾಯ್ದೆಯನ್ನು ಒಪ್ಪಿಕೊಂಡರು, ಗಂಗಾವತಿಯವರೂ ಒಪ್ಪಿದರು, ಅವನು ಮತ್ತೆ ಇಳಿದ. ಒಮ್ಮೆ ಅಂಗೈ ಸಿಕ್ಕಿದರೆ ಸಾಕು, ಅವನಿಂದ ಕೈ ಬಿಡಿಸಿಕೊಂಡವರು ಕಡಿಮೆ. ಸುತ್ತಲಿನ ನಾಲ್ಕೂ ತಾಲೂಕಿನಲ್ಲಿ ಅವನನ್ನು ಚಿತ್ ಮಾಡಿದವರಿಲ್ಲ ಎಂಬ ಮಾತಾಯಿತು. ಅಪ್ಪನನ್ನು ಪಂಚನಾಗಿ ಕರೆಯುವುದು ಕಡಿಮೆಯಾಯಿತು.

ಗಿರಣಿಯ ಕೆಲಸ ಅವನಿಗೆ ಸಿಕ್ಕಿದ್ದು ಆ ಕೈಯಿಂದಲೇ. ಹತ್ತಿ ನೋಡುವ ಕೆಲಸ. ಬಂಡಿಯಲ್ಲಿ ಬಂದ ಮಾಲಿನ ಎಳೆ ಉದ್ದವೋ ಗಿಡ್ಡವೋ, ಕಸ ಎಷ್ಟು, ತೂಕ ಹೆಚ್ಚಲೆಂದು ನೀರು ಹೊಡೆದಿದ್ದಾರೋ ಇಲ್ಲವೋ, ಇದನ್ನು ಹೇಳುವವನು. ಅವನು ಹೇಳಿದರೆ ಮುಗಿಯಿತು, ಅಂಗಳದಲ್ಲಿ ಅದರ ಮೇಲೆ ಮಾತಿಲ್ಲ. ಅವನು ಮೊಣಕೈಯವರೆಗೆ ತೋಳನ್ನು ಹತ್ತಿಯ ರಾಶಿಯೊಳಗೆ ತೂರಿ, ತಳದಿಂದ ಒಂದು ಹಿಡಿ ಕಿತ್ತು, ಎರಡೂ ಹೆಬ್ಬೆರಳ ನಡುವೆ ಎಳೆದು ನೋಡುತ್ತಿದ್ದ. ಆಮೇಲೆ ಅದನ್ನು ಮೇಲ್ತುಟಿಗೆ ಒತ್ತಿಕೊಳ್ಳುತ್ತಿದ್ದ. ಒಣ ಹತ್ತಿ ತುಟಿಗೆ ಬೆಚ್ಚಗಿರುತ್ತದೆ, ಹಸಿಯಾದದ್ದು ತಣ್ಣಗೆ ಹತ್ತುತ್ತದೆ. ಆ ಹೊತ್ತಿನಲ್ಲಿ ಮಾಲಿನ ಧಣಿ ಬಾಯಿ ಬಿಡುವಂತಿರಲಿಲ್ಲ. ಯಾರ ಮಾಲೆಂದು ಅವನಿಗೆ ತಿಳಿಯಬಾರದು, ಇದು ಅವನೇ ಹಾಕಿದ ನಿಯಮ. ಹಮಾಲ ಅವನ ಮುಂಗೈ ಹಿಡಿದು ಬಂಡಿಯಿಂದ ಬಂಡಿಗೆ ಕರೆದೊಯ್ಯುತ್ತಿದ್ದ, ರೈತರು ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು. ಅವನು ನಡೆಯುತ್ತಿದ್ದ ರೀತಿಯಲ್ಲೇ ಸೊಕ್ಕಿತ್ತು. ಗದ್ದ ಮೇಲೆತ್ತಿ, ಎಲ್ಲರ ತಲೆಯ ಮೇಲಿಂದ ಏನನ್ನೋ ನೋಡುವವನಂತೆ… ಇಲ್ಲ, ಇದು ಆಮೇಲೆ ನನ್ನ ಸಿಟ್ಟು ಸೇರಿಸಿದ್ದಿರಬಹುದು.

ಆ ದಿನ ಅಪ್ಪನ ಬಂಡಿಯ ಜೊತೆ ನಾನೂ ಇದ್ದೆ. ಆದರೆ ಹಿಂದಿನ ನಾಲ್ಕು ದಿನ ನಾನು ಕುಕನೂರಿನ ಗರಡಿಯಲ್ಲಿದ್ದೆ, ಹತ್ತಿ ಹೇರುವಾಗ ಊರಲ್ಲಿರಲಿಲ್ಲ, ದಾರಿಯಲ್ಲಿ ಬಂಡಿ ಹತ್ತಿದವನು. ಇದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಉಸ್ತಾದ ನಮ್ಮ ಬಂಡಿಯ ಹತ್ತಿರ ಬಂದು ನಿಂತ. ಅಪ್ಪ ಮಾತಾಡಲಿಲ್ಲ. ಆದರೆ ಕೆಮ್ಮಿದ. ಅಪ್ಪನದು ತಂಬಾಕಿನ ಕೆಮ್ಮು, ಮೊದಲು ಎರಡು ಸಣ್ಣವು, ಆಮೇಲೆ ಎದೆಯ ಬುಡದಿಂದ ಒಂದು. ಹತ್ತು ವರ್ಷ ಕಣದಂಚಿನಲ್ಲಿ ಕುಳಿತು ಕೆಮ್ಮಿದ ಕೆಮ್ಮು. ಆಮೇಲೆ ಉಸ್ತಾದ ತೋಳು ತೂರಿದನೋ, ಅಥವಾ ತೋಳು ತೂರಿದ ಮೇಲೆ ಅಪ್ಪ ಕೆಮ್ಮಿದನೋ. ಈ ಒಂದನ್ನು ನಾನು ಸಾವಿರ ಸಲ ನೆನೆದಿದ್ದೇನೆ, ಸಾವಿರ ಸಲವೂ ಅದು ಜಾಗ ಬದಲಿಸಿದೆ. ತುಟಿಗೆ ಒತ್ತಿದ. ಎರಡನೆಯ ಸಲ ಒತ್ತಿದ.

“ಹಸಿ ಐತಿ. ನೀರು ಹೊಡದಾರ. ತಗೀರಿ ಅತ್ತಾಗ,” ಎಂದ.

ಅಪ್ಪ ಮುಂದೆ ಹೋದ. “ಯಾರಿಗನ್ನಾಕತ್ತೀ? ನನ್ನ ಹತ್ತ್ಯಾಗ ನೀರ?”

“ಯಾರದಂತ ನನಗೇನ ಗೊತ್ತ್ರಿ?” ಎಂದ ಉಸ್ತಾದ. “ನನಗ ಕಣ್ಣಿಲ್ಲಲ್ಲ.”

ಅಂಗಳವೆಲ್ಲ ನಕ್ಕಿತು. ನಮ್ಮ ಬಂಡಿಯನ್ನು ಹಿಂದಕ್ಕೆ ತಿರುಗಿಸುವಾಗ ಎತ್ತುಗಳು ಅಡ್ಡಾದವು, ಬೇರೆ ಬಂಡಿಗಳವರು ಇಳಿದು ನಮಗೆ ದಾರಿ ಮಾಡಿಕೊಡಬೇಕಾಯಿತು. ಅವರಲ್ಲೊಬ್ಬ, “ಯಜಮಾನ್ರ, ಬಾವಿ ನಿಮ್ಮ ಹೊಲದಾಗ ಐತೇನು, ಹಿತ್ತಲದಾಗೋ?” ಎಂದ. ಅಪ್ಪ ಊರು ಮುಟ್ಟುವವರೆಗೆ ಎತ್ತುಗಳಿಗೆ ಬಾರುಕೋಲು ಬೀಸುತ್ತಲೇ ಇದ್ದ. ನಾನು ಹತ್ತಿಯೊಳಗೆ ಕೈ ಹಾಕಿ ನೋಡಬಹುದಿತ್ತು. ಬಂಡಿಯ ಮೇಲೆ, ಅದರ ಮೇಲೆಯೇ ಕುಳಿತಿದ್ದೆ, ಮೂರು ಹರದಾರಿ ದಾರಿ. ಹಾಕಲಿಲ್ಲ.

ನಾವೊಬ್ಬರೇ ಅಲ್ಲ, ಆ ವರ್ಷ ಹತ್ತಾರು ಮಂದಿಯ ಮಾಲು ಹಿಂದಿರುಗಿತ್ತು. ಅವರೆಲ್ಲ ಕೂಡಿ ಗಿರಣಿಯ ಸಾವಕಾರನಿಗೆ ಅರ್ಜಿ ಕೊಟ್ಟರು. ಕಣ್ಣಿಲ್ಲದವನು ಹತ್ತಿ ನೋಡುವುದೆಂದರೇನು, ಅವನನ್ನು ತೆಗೆಯಿರಿ ಎಂದು. ಅರ್ಜಿಯ ಮುಂದಾಳು ಅಪ್ಪ. ಸಾವಕಾರ ಎಲೆ ಅಡಿಕೆ ಜಗಿಯುತ್ತ ಹೇಳಿದನಂತೆ: “ಕಣ್ಣಿದ್ದಾವ್ರು ನಾಕು ಮಂದೀನ್ನ ಇಟ್ಟ ನೋಡೀನಿ. ನೀರು ಕುಡದ ಹತ್ತಿ ತಂದು ನನ್ನ ಗುದಾಮಿನಾಗ ಒಟ್ಟ್ಯಾರ. ಈತನ ಕೈ ಸುಳ್ಳು ಹೇಳಿದ್ದು ಯಾರರೆ ಕಂಡೀರೇನು? ಪಂಚಮಿ ಕುಸ್ತ್ಯಾಗ ಈತನ್ನ ಯಾರರೆ ಚಿತ್ ಮಾಡ್ರಿ, ಆಗ ಅರ್ಜಿ ತಗೊಂಡ ಬರ್ರಿ.”

ಕುಸ್ತಿಗೂ ಹತ್ತಿಗೂ ಏನು ಸಂಬಂಧ ಎಂದು ಈಗ ಕೇಳಬಹುದು. ಆಗ ಒಬ್ಬರೂ ಕೇಳಲಿಲ್ಲ. ಅವನ ಕೈಗೆ ಕಾಣುತ್ತದೆ ಎಂಬುದು ಊರಿನ ನಂಬಿಕೆ, ಅದಕ್ಕೆ ಕಣವೇ ಸಾಕ್ಷಿ. ಕಣದಲ್ಲಿ ಅವನ ಬೆನ್ನಿಗೆ ಮಣ್ಣು ಹತ್ತಿದರೆ ಗಿರಣಿಯಲ್ಲಿ ಹೇಳಿದ್ದೆಲ್ಲ ಸುಳ್ಳಾಗುತ್ತದೆ, ಅಪ್ಪನ ಹತ್ತಿ ಒಣಗುತ್ತದೆ. ನಾವು ನಿಜವಾಗಿಯೂ ಹಾಗೆಯೇ ಯೋಚಿಸುತ್ತಿದ್ದೆವು. ಅವನೆದುರು ನಾನೇ ಇಳಿಯುವುದೆಂದಾಯಿತು, ಅವನ ಅನ್ನ ಮತ್ತು ಅಪ್ಪನ ಮಾನ ಎರಡೂ ನನ್ನ ಭುಜದ ಮೇಲೆ ಬಂದವು. ಯುಗಾದಿಯಿಂದ ಶ್ರಾವಣದವರೆಗೆ ನಾನು ದಿನಕ್ಕೆ ಸಾವಿರ ಬೈಠಕ್ ಹೊಡೆದೆ. ಸಾವಿರ ಎಂದು ಬರೆದೆ, ಐನೂರಿರಬಹುದು.

ಪಂಚಮಿಯ ಮರುದಿನ ಕೊಪ್ಪಳದಲ್ಲಿ, ಕೋಟೆಯ ಗುಡ್ಡದ ಕೆಳಗಿನ ಬಯಲಲ್ಲಿ ನಿಕಾಲಿ ಕುಸ್ತಿ. ಅಂದರೆ ಒಬ್ಬ ಬೀಳುವವರೆಗೆ ನಿಲ್ಲದ ಕುಸ್ತಿ. ಹೋಗುವ ಮೊದಲು ಬೆಳಿಗ್ಗೆ ಅಪ್ಪ ನನ್ನ ಮೈ ತಿಕ್ಕಿದ. ದಿನವೂ ತಿಕ್ಕುತ್ತಿದ್ದ, ಎಣ್ಣೆ ಹಾಕಿಯೇ ತಿಕ್ಕುತ್ತಿದ್ದ, ಆಮೇಲೆ ಕಡಲೆಹಿಟ್ಟಿನಿಂದ ತೊಳೆಯುತ್ತಿದ್ದ. ಕುಸ್ತಿಯ ದಿನ ಮೈಮೇಲೆ ಎಣ್ಣೆ ಉಳಿಯುವಂತಿಲ್ಲ, ಉಳಿದರೆ ಎದುರಾಳಿಯ ಹಿಡಿತ ಜಾರುತ್ತದೆ, ಅದು ಮೋಸ. ಆ ದಿನ ಹಿಟ್ಟು ಹಚ್ಚಿದನೇ? ಹಚ್ಚಿದ ನೆನಪೂ ಇದೆ. ಹಿಟ್ಟಿನ ತಾಟು ಗೂಟದ ಬದಿಗೆ ಮುಟ್ಟದೆಯೇ ಇದ್ದ ನೆನಪೂ ಇದೆ. ಎರಡೂ ನೆನಪು ಒಂದೇ ದಿನದವಾಗಿರಲಾರವು.

ಸಲಾಮಿಯಾಯಿತು. ಅವನ ಅಂಗೈ ದೊಡ್ಡದೇನಲ್ಲ, ಹತ್ತಿಯಲ್ಲಿ ಆಡಿ ಆಡಿ ಮೆತ್ತಗಾಗಿತ್ತು. ಮೊದಲನೆಯ ಹಿಡಿತದಲ್ಲೇ ನನ್ನ ಕುತ್ತಿಗೆ ಅವನ ಕಂಕುಳಲ್ಲಿತ್ತು. ನಾನು ಜಾರಿ ಹೊರಬಂದೆ. ಹೊರಬಂದದ್ದು ನನ್ನ ಬಲದಿಂದ ಎಂದು ಆಗ ಅಂದುಕೊಂಡೆ. ಈಗ ಕಾಯ್ದೆಯ ಪ್ರಕಾರ ನಾನು ಮತ್ತೆ ಹೋಗಿ ಅಂಗೈ ಮುಟ್ಟಿಸಬೇಕು. ಹಲಗೆ ನಿಲ್ಲಬೇಕು.

ಹಲಗೆ ನಿಲ್ಲಲಿಲ್ಲ. ಬಾರಿಸುತ್ತಿದ್ದವರು ನಮ್ಮ ಊರಿನವರು. ಪಂಚ ಕೈ ಎತ್ತಿ ಏನೋ ಕೂಗುತ್ತಿದ್ದ, ನಾನು ಕೇಳಿಸಲಿಲ್ಲ ಎಂಬಂತೆ ಉಸ್ತಾದನ ಬೆನ್ನಿನ ಕಡೆಗೆ ಸರಿದೆ. ನಿಲ್ಲಿಸಬೇಡಿ ಎಂದು ಅವರಿಗೆ ಹೇಳಿದವರು ಯಾರೆಂದು ನಾನು ವಿಚಾರಿಸಿಲ್ಲ. ನನಗೆ ಅನುಕೂಲವಾಗಿತ್ತು.

ಉಸ್ತಾದ ಒಂದು ಗಳಿಗೆ ಕೈ ಚಾಚಿ ನಿಂತ. ತಲೆಯನ್ನು ಅತ್ತ ಇತ್ತ ಹೊರಳಿಸಿದ. ಅವನಿಗೆ ನಾನೆಲ್ಲಿದ್ದೇನೆಂದು ತಿಳಿಯುತ್ತಿಲ್ಲ ಎಂಬುದು ನನಗೆ ಕಂಡಿತು, ಮತ್ತು ನನಗೆ ಸಂತೋಷವಾಯಿತು. ಈ ಸಂತೋಷದ ವಿಷಯದಲ್ಲಿ ನನ್ನ ನೆನಪು ತಪ್ಪಿಲ್ಲ. ಆಮೇಲೆ ಅವನು ಯಾರೂ ಎಣಿಸದಿದ್ದದ್ದನ್ನು ಮಾಡಿದ. ಮೊಣಕಾಲೂರಿ, ಎರಡೂ ಅಂಗೈಗಳನ್ನು ಮಣ್ಣಿಗೆ ಅಂಟಿಸಿ, ಆಮೆಯಂತೆ ನೆಲ ಹಿಡಿದು ಕುಳಿತುಬಿಟ್ಟ. ಇದು ಕಾಯ್ದೆಯೊಳಗಿನದೇ. ನೆಲ ಹಿಡಿದವನು ಸೋತವನಲ್ಲ, ಅವನ ಬೆನ್ನು ಮಣ್ಣಿಗೆ ಹತ್ತಿಸಬೇಕಾದರೆ ಎದುರಾಳಿಯೇ ಬಂದು ಹೊರಳಿಸಬೇಕು. ಅವನು ನನ್ನನ್ನು ಹುಡುಕುವ ಕೆಲಸವನ್ನು ಬಿಟ್ಟು, ನಾನೇ ಬಂದು ಮುಟ್ಟುವಂತೆ ಮಾಡಿದ್ದ.

ನಾನು ಸುತ್ತಿದೆ. ಒಂದು ಸುತ್ತು, ಎರಡು ಸುತ್ತು. ಎಲ್ಲಿಂದ ಹಿಡಿಯಲಿ ಎಂದು ತೋಚಲಿಲ್ಲ. ಮಂದಿ ಕಾಯುತ್ತಿದ್ದರು. ಆಗ ಯಲಬುರ್ಗಿಯವರು ಕುಳಿತಿದ್ದ ಕಡೆಯಿಂದ ಒಬ್ಬ ಮುದುಕನ ದನಿ ಬಂತು: “ಏ ತಮ್ಮಾ, ಪ್ರದಕ್ಷಿಣಿ ಹಾಕಾಕತ್ತೀಯೇನು? ಕಾಯಿ ತಂದೀಯೋ, ಬರಿಗೈಲೆ ಬಂದೀಯೋ?”

ಬಯಲಿಗೆ ಬಯಲೇ ನಕ್ಕಿತು. ಹಲಗೆಯವರೂ ನಕ್ಕು ಕೈ ಬಿಟ್ಟರು. ಆ ನಗೆಯ ನಡುವೆ ನಾನು ಅವನ ಬೆನ್ನ ಮೇಲೆ ಬಿದ್ದೆ. ನನ್ನ ಬಲಗೈ ಅವನ ಕೈಗೆ ಸಿಕ್ಕಿತು, ಜಾರಿತು, ಅವನು ಮಣ್ಣು ಬಾಚಿ ಅದೇ ಮುಂಗೈಗೆ ಉಜ್ಜಿ ಮತ್ತೆ ಹಿಡಿದ. ಮುಂದಿನದು ನನಗೆ ಕಂಡದ್ದು ಆಕಾಶ. ಭುಜ ಎರಡೂ ನೆಲಕ್ಕೆ ಹತ್ತಿದ್ದವು. ಅವನ ಮುಖ ನನ್ನ ಮುಖಕ್ಕೆ ಒಂದು ಗೇಣು ದೂರ. ಅಷ್ಟು ಹತ್ತಿರದಿಂದ ನೋಡಿದ ಮುಖದಲ್ಲಿ ಕಣ್ಣು ಹೇಗಿದ್ದವೆಂದು ನೆನಪಾಗುತ್ತಿಲ್ಲವಲ್ಲ… ಅವನು ಕಿವಿಗೆ ಬಾಯಿಟ್ಟು, ನನಗಷ್ಟೇ ಕೇಳುವಂತೆ ಅಂದ:

“ಎಣ್ಣಿ ನೀ ಹಚಗೊಂಡಿಯೋ, ನಿಮ್ಮಪ್ಪ ಹಚ್ಚ್ಯಾನೋ?”

ಅವನು ಎದ್ದ. ಪಂಚರಿಗೆ ಹೇಳುತ್ತಾನೆ ಎಂದುಕೊಂಡೆ. ಹೇಳಲಿಲ್ಲ. ಎಂದೂ ಹೇಳಲಿಲ್ಲ. ಗರಡಿಯ ತರುಣರು ಇದನ್ನು ಕೇಳಿದ್ದರೆ ಅದನ್ನು ಅವನ ದೊಡ್ಡತನ ಎನ್ನುತ್ತಿದ್ದರು. ನನಗೆ ಹಾಗೆ ಕಾಣಲಿಲ್ಲ, ಇಂದಿಗೂ ಕಾಣುವುದಿಲ್ಲ. ಎಲ್ಲರ ಮುಂದೆ ಹೇಳಿದ್ದರೆ ನಾನು ಜಗಳಾಡಬಹುದಿತ್ತು, ಇಲ್ಲ ಎನ್ನಬಹುದಿತ್ತು, ಅಪ್ಪನ ಪರವಾಗಿ ಆಣೆ ಮಾಡಬಹುದಿತ್ತು. ಅವನು ಅದನ್ನು ನನ್ನ ಕಿವಿಯಲ್ಲಿ ಬಿಟ್ಟು ಹೋದ. ಮನೆಗೆ ಹೋಗಿ ನಾನು ಅಪ್ಪನ ಕೈಗಳನ್ನು ನೋಡುವಂತೆ ಮಾಡಿದ.

ಅರ್ಜಿ ಅಲ್ಲಿಗೇ ಸತ್ತಿತು. ಉಸ್ತಾದ ಗಿರಣಿಯಲ್ಲಿ ಇನ್ನೂ ಗಟ್ಟಿಯಾದ. ಮುಂದಿನ ವರ್ಷಗಳಲ್ಲಿ ಗದಗಿನ ದಲಾಲರು ಅವನು ಪಾಸು ಮಾಡಿದ ಅಂಡಿಗೆಗಳನ್ನು, ಆ ಬಿಗಿದು ಕಟ್ಟಿದ ಹತ್ತಿಮೂಟೆಗಳನ್ನು, ಬಿಚ್ಚದೆಯೇ ಕೊಳ್ಳುತ್ತಿದ್ದರೆಂದು ಹಮಾಲರು ಹೇಳುತ್ತಿದ್ದರು. ಬೇರೆ ಗಿರಣಿಯವರು ಕರೆದರೂ ಹೋಗಲಿಲ್ಲವಂತೆ. ಅವನು ಎಷ್ಟು ಮೇಲೇರಿದನೋ ಅಷ್ಟು ಜನ ಅವನನ್ನು ಶಪಿಸಿದರು, ಮತ್ತು ಶಪಿಸುತ್ತಲೇ ಮನೆಯಲ್ಲಿ ಹತ್ತಿಯನ್ನು ಎರಡು ಬಿಸಿಲು ಹೆಚ್ಚು ಒಣಗಿಸಿದರು. ನೀರು ಹೊಡೆಯುವುದು ನಿಂತದ್ದು ಅವನ ಭಯದಿಂದ, ಪ್ರೀತಿಯಿಂದಲ್ಲ.

ಮರುವರ್ಷ ಅಪ್ಪ ಗಿರಣಿಗೆ ಬರಲಿಲ್ಲ. ನಾನೊಬ್ಬನೇ ಬಂಡಿ ಹೊಡೆದುಕೊಂಡು ಹೋದೆ. ಇಬ್ಬನಿ ಆರಿದ ಮೇಲೆಯೇ ಬಿಡಿಸಿ, ನಾನೇ ನಿಂತು ಹೇರಿದ ಹತ್ತಿ. ಉಸ್ತಾದ ಬಂದಾಗ ನಾನು ಮಾತಾಡಲಿಲ್ಲ, ಕೆಮ್ಮಲಿಲ್ಲ, ಕಾಲು ಕೂಡ ಕದಲಿಸಲಿಲ್ಲ. ಅವನು ತೋಳು ತೂರಿ, ಎಳೆದು, ತುಟಿಗೆ ಒತ್ತಿದ. “ಛಲೋ ಮಾಲು. ಏರಸ್ರಿ,” ಎಂದು ಮುಂದಿನ ಬಂಡಿಗೆ ಹೋದ. ನಾನು ಇದನ್ನು ಹೇಳಿದಾಗ ಅಪ್ಪ ಹುಳ್ಳಗೆ ನಕ್ಕ. “ಯಾರದಂತ ಗುರ್ತು ಸಿಗಲಿಲ್ಲ ಅವಗ, ಅದಕ್ಕ,” ಎಂದ. ಊರವರು ಬೇರೆ ಅರ್ಥ ಮಾಡಿಕೊಂಡರು. ಈ ಸಲ ಒಣಗಿದ್ದನ್ನು ಒಣ ಎಂದ, ಹೋದ ಸಲ ಹಸಿಯಾಗಿದ್ದನ್ನು ಹಸಿ ಎಂದ, ಅಷ್ಟೇ ಎಂದರು. ಅವ್ವ ಮಾತ್ರ ಒಮ್ಮೆ, ಯಾರೂ ಕೇಳದಿದ್ದಾಗ, “ಆ ವರ್ಷ ಇಬ್ಬನಿ ಭಾಳ ಇತ್ತಪ್ಪಾ,” ಎಂದಿದ್ದಳು. ಅವಳು ಯಾರನ್ನು ಕಾಪಾಡುತ್ತಿದ್ದಳೆಂದು ನಾನು ಕೇಳಲಿಲ್ಲ.

ನಾನು ಅಪ್ಪನನ್ನೂ ಕೇಳಲಿಲ್ಲ. ಹತ್ತಿಯ ಬಗ್ಗೆಯೂ ಕೇಳಲಿಲ್ಲ, ಎಣ್ಣೆಯ ಬಗ್ಗೆಯೂ ಕೇಳಲಿಲ್ಲ. ನಲವತ್ತನಾಲ್ಕರ ಬೇಸಿಗೆಯಲ್ಲಿ ಅವನು ತೀರಿಕೊಂಡ. ಆಮೇಲೆ ನಲವತ್ತೆಂಟರ ಗಲಾಟೆ. ಗಿರಣಿ ಬಾಗಿಲು ಹಾಕಿತು, ಜನ ನಿಜಾಮರ ಗಡಿ ದಾಟಿ ಮುಂಡರಗಿ, ಗದಗಿನ ಕಡೆಗೆ ಓಡಿದರು. ಉಸ್ತಾದನನ್ನು ಯಾರದೋ ಬಂಡಿಯ ಮೇಲೆ ಕೂರಿಸಿ ಕಳಿಸಿದರು ಎಂದು ಒಬ್ಬರು, ಹಮಾಲನ ಭುಜ ಹಿಡಿದು ನಡೆದೇ ಹೋದ ಎಂದು ಇನ್ನೊಬ್ಬರು ಹೇಳಿದರು. ಗಲಾಟೆ ತಣ್ಣಗಾಗಿ ಜನ ಮರಳಿದಾಗ ಅವನು ಮರಳಲಿಲ್ಲ. ಗಿರಣಿ ಮತ್ತೆ ಶುರುವಾಯಿತು, ಕಣ್ಣಿದ್ದವರು ಬಂದರು, ಮೊದಲ ವರ್ಷವೇ ಹತ್ತಿಗೆ ಮತ್ತೆ ನೀರು ಬಿತ್ತು. ಆಗ ಅವನ ಕೊರತೆ ಅಂಗಳಕ್ಕೆ ತಿಳಿಯಿತು. ನನಗೂ ತಿಳಿಯಿತು, ಒಪ್ಪಿಕೊಳ್ಳಲು ಇಷ್ಟವಿಲ್ಲದಿದ್ದರೂ. ನನ್ನ ಬದುಕಿನಲ್ಲಿ ಮುಖ ನೋಡದೆ ಮಾಲು ನೋಡಿದವನು ಅವನೊಬ್ಬನೇ. ಅಥವಾ ಒಂದು ದಿನ, ಒಂದು ಬಂಡಿಯ ಮುಂದೆ, ಹಾಗೆ ನೋಡದವನು.

ಗರಡಿಯ ತರುಣರು ನಾಳೆ ಬರುತ್ತಾರೆ, ಬರೆದದ್ದನ್ನು ಕೇಳುತ್ತಾರೆ. ಇದನ್ನು ಅವರು ಗೋಡೆಗೆ ಹಾಕುವುದಿಲ್ಲ. ಹಾಕದಿದ್ದರೆ ಒಳ್ಳೆಯದೇ. ಅವನು ಎಲ್ಲಿ ಸತ್ತನೋ ನನಗೆ ಗೊತ್ತಿಲ್ಲ. ಆ ದಿನ ಅವನು ನಮ್ಮ ಹತ್ತಿಯನ್ನು ಗುರುತಿಸಿದನೋ, ಅಪ್ಪನನ್ನು ಗುರುತಿಸಿದನೋ, ಅದೂ ಗೊತ್ತಿಲ್ಲ. ಹೇಳಬಲ್ಲವರು ಇಬ್ಬರಿದ್ದರು, ಇಬ್ಬರೂ ಈಗಿಲ್ಲ. ಇಬ್ಬರೂ ಇದ್ದಾಗ ಕೇಳುವ ಧೈರ್ಯ ನನಗಿರಲಿಲ್ಲ.